ಒಂದೂವರೆ ಮತ್ತು ಒಂದು ಪಾಯಿಂಟ್ ಐದು

ಮೂವತ್ತೆರಡು ವರ್ಷ ಹೈಸ್ಕೂಲಿನಲ್ಲಿ ಗಣಿತ ಕಲಿಸಿದವನಿಗೆ ಒಂದು ಹಳೇ ಸೈಕಲ್ ರಿಪೇರಿ ಮಾಡುವುದು ಯಾವ ಮಹಾ ವಿದ್ಯೆ? ಹಾಗೆಂದುಕೊಂಡೇ ನಾನು ಸ್ಪ್ಯಾನರ್ ಕೈಗೆತ್ತಿಕೊಂಡೆ. ಈಗಲೂ ಹೇಳುತ್ತೇನೆ, ತಪ್ಪು ನನ್ನದಲ್ಲ. ತಪ್ಪು ಟೈರಿನ ಅಳತೆಗಳಿಗೆ ಹೆಸರಿಟ್ಟ ಮಹಾನುಭಾವರದ್ದು. ಅವರು ಯಾರೂ ಬಂಗಾರಪೇಟೆ ಕಡೆ ಬರುವುದಿಲ್ಲವಾದ್ದರಿಂದ ಬೈಗುಳವೆಲ್ಲ ನನ್ನ ಪಾಲಿಗೆ ಬಂತು.

ಸೈಕಲ್ ಸಾಮಾನ್ಯದ್ದಲ್ಲ. ಬೆಟ್ಟ ಹತ್ತುವ ಸೈಕಲ್. ಹದಿನೆಂಟು ಗೇರು! ಕೆಲಸಕ್ಕೆ ಸೇರಿದ ಹೊಸದರಲ್ಲಿ ಕೊಂಡದ್ದು. ಆಗ ಊರಿನಲ್ಲಿ ಗೇರಿನ ಸೈಕಲ್ ಇದ್ದದ್ದು ನನಗೊಬ್ಬನಿಗೇ ಎಂದು ನಾನು ನಂಬಿದ್ದೆ. ಬೆಟ್ಟ ಮಾತ್ರ ಅದು ಕಂಡಿಲ್ಲ. ಮನೆಯಿಂದ ಶಾಲೆಗೆ ದಾರಿ ಅಂಗೈಯಷ್ಟು ಸಪಾಟಾಗಿತ್ತು. ಹದಿನೆಂಟರಲ್ಲಿ ಮೂರು ಗೇರು ಬಳಸಿದ್ದರೆ ಹೆಚ್ಚು. ಆಮೇಲೆ ಸ್ಕೂಟರ್ ಬಂತು, ಸೈಕಲ್ ದನದ ಕೊಟ್ಟಿಗೆ ಸೇರಿತು. ಅಲ್ಲಿ ನಾಲ್ಕು ಹಸು ಬದಲಾದವು, ಸೈಕಲ್ ಹಾಗೇ ನಿಂತಿತ್ತು.

ನಾನು ನಿವೃತ್ತನಾದ ಮೇಲೆ ಮನೆಯ ಆಡಳಿತ ಪೂರ್ತಿ ನನ್ನ ಹೆಂಡತಿ ಗಿರಿಜೆಯದು. ಡೈರಿಗೆ ಹಾಲು ಹಾಕುವವಳು ಅವಳೇ. ಒಂದು ದಿನ ಆಜ್ಞೆ ಹೊರಬಿತ್ತು.

"ನೋಡ್ರೀ, ಕರು ಕಟ್ಟಾಕೆ ಜಾಗ ಇಲ್ಲ. ಬರೋ ಭಾನುವಾರದೊಳ್ಗೆ ಆ ತುಕ್ಕು ಇಡಿದಿರೋದ್ನ ಓಡ್ಸಿ. ಇಲ್ಲಾಂದ್ರೆ ಗುಜರಿಗೆ ಆಕ್ತೀನಿ."

ನನ್ನ ಮೊದಲ ಸಂಬಳದ ದಿನಗಳ ಸೈಕಲ್ ಗುಜರಿಗೆ! ಅವತ್ತೇ ಕೆಲಸ ಶುರು ಮಾಡಿದೆ.

ಮೊದಲು ಎಡಗಡೆಯ ಪೆಡಲ್. ಜಗತ್ತಿನ ಸಕಲ ಬೋಲ್ಟುಗಳನ್ನೂ ಬಿಚ್ಚುವುದು ಎಡಕ್ಕೆ ತಿರುಗಿಸಿ ತಾನೆ? ತಿರುಗಿಸಿದೆ. ಅಲ್ಲಾಡಲಿಲ್ಲ. ಸ್ಪ್ಯಾನರಿಗೆ ಮಾರುದ್ದದ ಕಬ್ಬಿಣದ ಪೈಪ್ ಸಿಕ್ಕಿಸಿ, ಸನ್ನೆಯ ತತ್ವವನ್ನು ಮನಸ್ಸಿನಲ್ಲೇ ನೆನೆದು, ಅದರ ಮೇಲೆ ನಿಂತೆ. ಪೆಡಲಿನ ತೋಳು ಮುರಿಯಿತು. ನಾನು ಸಗಣಿಯ ಮಂಕರಿಯೊಳಗೆ ಕುಳಿತೆ.

ಮುರಿದ ತೋಳನ್ನೂ ಟೈರಿನ ಅಳತೆಯನ್ನೂ ಹಿಡಿದು ಕೆಜಿಎಫ್‌ನ ರಾಬರ್ಟ್‌ಸನ್‌ಪೇಟೆಗೆ ಬಸ್ ಹತ್ತಿದೆ. ಹಳೇ ಟೈರುಗಳು ಹಪ್ಪಳದಂತೆ ಪುಡಿಯಾಗಿದ್ದವು. ಅವುಗಳ ಮೇಲೆ 26 × 1.5 ಎಂದು ಇನ್ನೂ ಕಾಣುತ್ತಿತ್ತು. ಅಲ್ಲಿ ಸೈಕಲ್ ಅಂಗಡಿ ಇಟ್ಟಿರುವವನು ಮುನಿರಾಜು, ನನ್ನ ಹಳೇ ಶಿಷ್ಯ. ಈಗ ಅವನಿಗೇ ಇಬ್ಬರು ಮಕ್ಕಳು, ತಲೆಯಲ್ಲಿ ನಾಲ್ಕು ಬಿಳಿ ಕೂದಲು. ಎದ್ದು ನಿಂತು ಕೈ ಮುಗಿದ. ಪೆಡಲ್ ನೋಡಿದ.

"ಎಡಗಡೇದು ಉಲ್ಟಾ ತ್ರೆಡ್ಡು ಸಾರ್. ನೀವು ಬಿಚ್ಲಿಲ್ಲ, ಬಿಗಿ ಮಾಡಿದ್ದೀರ."

ಅಂಗಡಿಯ ಬೆಂಚಿನ ಮೇಲೆ ಪಂಕ್ಚರ್ ಹಾಕಿಸಲು ಕುಳಿತಿದ್ದ ತಾತ ನಕ್ಕಿತು. ನಾನು ನಗಲಿಲ್ಲ. ಮುನಿರಾಜು ಹಳೇ ಸಾಮಾನಿನ ರಾಶಿ ಕೆದಕಿ ಹೊಂದುವ ತೋಳೊಂದನ್ನು ಹುಡುಕಿಕೊಟ್ಟ. ಅಲ್ಲಿಗೆ ನಾನು ಮರ್ಯಾದೆಯಾಗಿ ಹೊರಟುಬಿಡಬೇಕಿತ್ತು.

"ಇಪ್ಪತ್ತಾರು, ಒಂದು ಪಾಯಿಂಟ್ ಐದು. ಟೈರ್ ಎರಡು ಕೊಡು."

"ಅದು ಈಗಿಲ್ಲ ಸಾರ್. ಬೆಂಗಳೂರಿಂದ ತರ್ಸಬೇಕು."

ನಾನು ತಲೆಯೆತ್ತಿದೆ. ಅವನ ನೆತ್ತಿಯ ಮೇಲೆಯೇ ಟೈರುಗಳು ತೂಗಾಡುತ್ತಿದ್ದವು. ಚೀಟಿ ಸ್ಪಷ್ಟವಾಗಿತ್ತು: 26 × 1½.

"ಅದೇನದು?"

"ಅದು ಒಂದೂವರೆ ಸಾರ್."

"ನಾನು ಕೇಳಿದ್ದು?"

"ಒಂದು ಪಾಯಿಂಟ್ ಐದು."

"ಎರಡೂ ಒಂದೇ ಅಲ್ಲವೇನಯ್ಯಾ?"

"ಅಲ್ಲ ಸಾರ್."

ಅಲ್ಲವಂತೆ! ನನ್ನ ಮೈ ಉರಿದುಹೋಯಿತು. ಏಕೆಂದರೆ ಈ ಮಾತು ಇವನ ಬಾಯಿಂದ ಬರುತ್ತಿರುವುದು ಇದೇ ಮೊದಲಲ್ಲ. ಎಂಟನೇ ಕ್ಲಾಸಿನಲ್ಲಿ ದಶಮಾಂಶ ಪಾಠ ಮಾಡುವಾಗ ಒಂದೂವರೆಯೂ ಒಂದು ಪಾಯಿಂಟ್ ಐದೂ ಒಂದೇ ಎಂದು ಬೋರ್ಡಿನ ಮೇಲೆ ಬರೆದೆ. ಇವನು ಎದ್ದು ನಿಂತು, "ಇಲ್ಲ ಸಾರ್, ನಮ್ಮಪ್ಪ ಅಂಗಡೀಲಿ ಎರಡು ಟೈರೂ ಬೇರೆ ಬೇರೆ ಮೊಳೆಗೆ ನೇತಾಕ್ತಾರೆ" ಎಂದ. ಇಡೀ ತರಗತಿ ಹೋ ಎಂದು ನಕ್ಕಿತು. ಗುರುವಿಗೇ ಎದುರಾಡುವುದೇ? ಒಂದು ಪೀರಿಯಡ್ ಪೂರ್ತಿ ಬೆಂಚಿನ ಮೇಲೆ ನಿಲ್ಲಿಸಿದ್ದೆ. ಇಷ್ಟು ವರ್ಷವಾದರೂ ಬುದ್ಧಿ ಬಂದಿಲ್ಲವಲ್ಲ!

ಅವನ ಕೈಯಲ್ಲಿದ್ದ ಸೀಮೆಸುಣ್ಣ ಕಿತ್ತುಕೊಂಡು ಅಂಗಡಿಯ ಬಾಗಿಲ ಮೇಲೆ ಒಂದನ್ನು ಎರಡರಿಂದ ಭಾಗಿಸಿ ತೋರಿಸಿದೆ. ಹೆಜ್ಜೆ ಹೆಜ್ಜೆಯಾಗಿ. ಕೆಳಗೆ ಎರಡು ಗೆರೆ ಎಳೆದೆ.

ಬೆಂಚಿನ ತಾತ ಕಣ್ಣು ಕಿರಿದು ಮಾಡಿ ನೋಡಿ, "ಕಣಕ್ಕು ಸರಿದಾನ್ ಸಾರ್. ಆನಾ ಟಯರ್ ಸೇರಾದು" ಎಂದಿತು. ಲೆಕ್ಕ ಸರಿಯಂತೆ, ಟೈರು ಮಾತ್ರ ಸೇರುವುದಿಲ್ಲವಂತೆ!

"ಆ ಒಂದೂವರೆಯನ್ನೇ ಕೊಡು" ಎಂದೆ.

"ಕೊಡಾಕಿಲ್ಲ ಸಾರ್."

ಇದನ್ನು ಎಲ್ಲಾದರೂ ಕೇಳಿದ್ದೀರಾ? ಗಿರಾಕಿ ದುಡ್ಡು ಹಿಡಿದು ನಿಂತಿದ್ದಾನೆ, ಸರಕು ಕಣ್ಣೆದುರಿಗಿದೆ, ಅಂಗಡಿಯವನು ಕೊಡುವುದಿಲ್ಲ!

"ಭಾನುವಾರ ಒಂದೂವರೆ ಟೈರ್ ಹಾಕಿಕೊಂಡು, ಇದೇ ಸೈಕಲ್ ತುಳಿದುಕೊಂಡು ನಿನ್ನ ಅಂಗಡಿ ಮುಂದೆ ಇಳಿಯುತ್ತೇನೆ. ಇಳಿಯದಿದ್ದರೆ ನಾನು ಕಲಿಸಿದ ಗಣಿತವೆಲ್ಲ ಸುಳ್ಳು ಅಂತ ತಿಳಿದುಕೋ!" ಎಂದು ಗುಡುಗಿದೆ.

"ಬ್ಯಾಡ ಸಾರ್, ಬಿದ್ದೋಯ್ತೀರ."

ಅವನ ಆ ಕನಿಕರ ನನ್ನನ್ನು ಇನ್ನೂ ಕೆಣಕಿತು. ಬಂಗಾರಪೇಟೆಗೆ ಬಂದವನೇ ಇನ್ನೊಂದು ಅಂಗಡಿಗೆ ನುಗ್ಗಿ ಒಂದೂವರೆ ಕೇಳಿದೆ. ಅಲ್ಲಿಯವನು ಯಾವ ಸೈಕಲ್ಲು, ಯಾವ ಚಕ್ರ, ಏನೂ ಕೇಳದೆ ಕಟ್ಟಿಕೊಟ್ಟ. ವ್ಯಾಪಾರಸ್ಥ ಎಂದರೆ ಹೀಗಿರಬೇಕು ಎಂದು ಮೆಚ್ಚಿಕೊಂಡೆ.

ಶನಿವಾರ ಟೈರ್ ಹಾಕಿದೆ. ಎಷ್ಟು ಸಲೀಸು ಅಂತೀರಿ! ಸಾಮಾನ್ಯವಾಗಿ ಟೈರ್ ಹಾಕಲು ಲಿವರ್ ಬೇಕು, ಬೆವರು ಬೇಕು. ಇದು ಕೈಯಲ್ಲೇ ಸರ್ರನೆ ಕೂತಿತು. ಗಿರಿಜೆಯನ್ನು ಕರೆದು ತೋರಿಸಿದೆ.

"ಅಣ್ಣನ ಚಡ್ಡಿ ತಮ್ಮನಿಗೆ ಆಕ್ದಂಗೈತಲ್ರೀ" ಎಂದಳು.

"ನಿನಗೆ ಗಣಿತ ಗೊತ್ತಿಲ್ಲ."

"ಚಡ್ಡಿ ಗೊತ್ತು" ಎಂದು ಹಾಲು ಕರೆಯಲು ಹೋದಳು.

ಟೈರ್ ಬ್ರೇಕಿಗೆ ಉಜ್ಜುತ್ತಿತ್ತು. ಹಿಂದಿನ ಬ್ರೇಕನ್ನೇ ಕಳಚಿಟ್ಟೆ. ಗಣಿತಕ್ಕೆ ಅಡ್ಡಿ ಬಂದದ್ದನ್ನೆಲ್ಲ ಕಳಚಿಡುವುದೇ ಆಗ ನನ್ನ ನೀತಿಯಾಗಿತ್ತು.

ಭಾನುವಾರ ಬೆಳಿಗ್ಗೆ ಇಸ್ತ್ರಿ ಮಾಡಿದ ಷರಟು ಹಾಕಿ ಹೊರಟೆ. ಸೈಕಲ್ ಹೋಗುವುದಕ್ಕಿಂತ ಹೆಚ್ಚಾಗಿ ಕುಪ್ಪಳಿಸುತ್ತಿತ್ತು. ಗಾಳಿ ಕಡಿಮೆಯಿರಬೇಕೆಂದು ಬಸ್ ಸ್ಟ್ಯಾಂಡಿನ ಎದುರು ಪಂಕ್ಚರ್ ಅಂಗಡಿಯ ಮುಂದೆ ನಿಲ್ಲಿಸಿದೆ.

"ಟೂಬು ಆಚೆಗೆ ಇಣುಕ್ತಾ ಐತಲ್ಲ ಸ್ವಾಮಿ" ಎಂದು ಅಂಗಡಿಯವನು ಚಕ್ರ ಬಿಚ್ಚಿ ತೋರಿಸಿದ.

"ನೀನು ಗಾಳಿ ಹೊಡಿ."

"ಸಾಕಾ?"

"ಇನ್ನೂ ಹೊಡಿ!"

ಟ್ಯೂಬು ಟೈರಿನ ಸಂದಿಯಿಂದ ಹಸುವಿನ ಕೆಚ್ಚಲಿನ ಹಾಗೆ ಊದಿಕೊಂಡಿತು. ಅಂಗಡಿಯವನು ಅನುಭವಸ್ಥ, ಮೆಲ್ಲನೆ ಕಂಬದ ಹಿಂದೆ ಸರಿದ. ನಾನು ವಿಜ್ಞಾನಿಯಂತೆ ಬಗ್ಗಿ ನೋಡಿದೆ.

ಢಮಾರ್!

ನಾನು ಕಣ್ಣು ಬಿಟ್ಟಾಗ ನೆಲದ ಮೇಲೆ ಕುಳಿತಿದ್ದೆ. ಕಿವಿಯಲ್ಲಿ ಗುಂಯ್ ಎಂಬ ಸದ್ದು. ಟೈರ್ ರಿಮ್ಮಿನಿಂದ ಹಾರಿ ನನ್ನ ಕೊರಳಿಗೇ ಬಿದ್ದಿತ್ತು, ಬೀಳ್ಕೊಡುಗೆ ಸಮಾರಂಭದ ಹಾರದಂತೆ. ಕೆಜಿಎಫ್ ಬಸ್ಸಿನ ಕಿಟಕಿಯಲ್ಲಿ ಅಜ್ಜಿಯೊಂದು ತಲೆ ಹೊರಹಾಕಿ, "ಏನಪ್ಪಾ, ಮುಚ್ಚೋಗಿದ್ದ ಮೈನ್ಸ್ ತಿರ್ಗಾ ಶುರುವಾಯ್ತಾ?" ಎಂದು ಕೇಳಿತು.

ವಾಪಸು ಮನೆಗೆ ಹೋಗಬಹುದಿತ್ತು. ಆದರೆ ಮನೆಯಲ್ಲಿ ಗುಜರಿ. ಮಾತು ಕೊಟ್ಟವನು ಬರಲಿಲ್ಲ ಎಂದರೆ ಮುನಿರಾಜು ಏನೆಂದುಕೊಂಡಾನು? ಟೊಮೇಟೊ ಕ್ರೇಟ್ ಸಾಗಿಸುವ ಲಗೇಜ್ ಆಟೋ ಸಿಕ್ಕಿತು. ಕ್ರೇಟುಗಳ ಮೇಲೆ ಸೈಕಲ್, ಸೈಕಲ್ಲಿನ ಪಕ್ಕ ನಾನು, ನನ್ನ ಕೊರಳಲ್ಲಿ ಇನ್ನೂ ಆ ಟೈರು. ಹೀಗೆ ನನ್ನ ದಂಡಯಾತ್ರೆ ರಾಬರ್ಟ್‌ಸನ್‌ಪೇಟೆ ತಲುಪಿತು.

ಮುನಿರಾಜು ನೋಡಿದ. 'ನಾನು ಹೇಳಲಿಲ್ಲವಾ' ಎಂದು ಅನ್ನಲಿಲ್ಲ. ಅಂದಿದ್ದರೆ ಜಗಳವಾಡಿ ಸಮಾಧಾನ ಮಾಡಿಕೊಳ್ಳುತ್ತಿದ್ದೆ! ಒಳಗೆ ಹೋಗಿ ಎರಡು ಹೊಸ ಟೈರ್ ತಂದ. ಒಂದು ಪಾಯಿಂಟ್ ಐದು.

"ನೀವು ಬಂದೋದ ದಿನಾನೇ ಬೆಂಗಳೂರಿಗೆ ಏಳಿ ಕಳ್ಸಿದ್ದೆ ಸಾರ್. ಶುಕ್ರವಾರ ಬಂದ್ವು. ಫೋನ್ ಮಾಡಿದ್ರೆ ಬೈತೀರ ಅಂತ ಸುಮ್ಕಾದೆ."

ಅದರಲ್ಲೊಂದನ್ನು ನೆಲದ ಮೇಲಿಟ್ಟು, ನನ್ನ ಕೊರಳಿನ ಒಂದೂವರೆಯನ್ನು ಮೆಲ್ಲಗೆ ಬಿಡಿಸಿ ಅದರ ಮೇಲಿಟ್ಟ. ಒಂದೂವರೆಯ ಒಳವ್ಯಾಸ ಒಂದಂಗುಲ ದೊಡ್ಡದು. ಎರಡರ ಮೇಲೂ ಇಪ್ಪತ್ತಾರು!

"ಯಾಕಯ್ಯಾ ಹೀಗೆ?" ಎಂದು ಕೂಗಿದೆ.

"ಯಾರೋ ಯಾವತ್ತೋ ಅಂಗೆ ಬರ್ದವ್ರೆ ಸಾರ್. ನಮ್ಮಪ್ಪಂಗೂ ಗೊತ್ತಿರ್ಲಿಲ್ಲ. ಅದ್ಕೇ ಬೇರೆ ಮೊಳೆ."

ಹಾಗೆ ಬರೆದವನನ್ನು ಬೆಂಚಿನ ಮೇಲೆ ನಿಲ್ಲಿಸಬೇಕಿತ್ತು! ನಾನು ನಿಲ್ಲಿಸಿದ್ದು ನಿಜ ಹೇಳಿದವನನ್ನು. ನನಗೆ ನಾಚಿಕೆಯಾಯಿತು. ಬಾಗಿಲ ಮೇಲೆ ನನ್ನ ಭಾಗಾಕಾರ ಎರಡು ಗೆರೆಯ ಸಮೇತ ಹಾಗೇ ಇತ್ತು. ಅಳಿಸಲು ಹೋದೆ.

"ಇರ್ಲಿ ಬಿಡಿ ಸಾರ್, ಲೆಕ್ಕ ಸರಿಯಾಗೈತೆ. ಕುತ್ಕಳಿ" ಎಂದು ಬೆಂಚು ಒರೆಸಿದ.

"ಬೇಡಪ್ಪ. ನಿಂತೇ ಇರುತ್ತೇನೆ."

"ನಲವತ್ತು ನಿಮಿಷ ಆಯ್ತದೆ ಸಾರ್, ಬ್ರೇಕೂ ಕಟ್ಬೇಕು."

"ಗೊತ್ತು. ಒಂದು ಪೀರಿಯಡ್ಡು" ಎಂದೆ. "ಅವತ್ತು ನೀನು ಹೇಳಿದ್ದೇ ಸರಿ, ಮುನಿರಾಜು."

ಅವನು ತಲೆ ತಗ್ಗಿಸಿ ಟೈರಿನ ಅಂಚನ್ನು ರಿಮ್ಮಿಗೆ ಒತ್ತತೊಡಗಿದ. ಲಿವರ್ ಬೇಕಾಯಿತು, ಬೆವರೂ ಬೇಕಾಯಿತು. ನಾನು ನಿಂತೇ ಇದ್ದೆ.

ಮಧ್ಯಾಹ್ನ ಸೈಕಲ್ ತುಳಿದುಕೊಂಡೇ ಮನೆಗೆ ಬಂದೆ. ಗುಜರಿಯ ಮಾತು ಅಲ್ಲಿಗೆ ನಿಂತಿತು. ಕರುವಿಗೆ ಹುಲ್ಲು ಹಾಕುತ್ತಿದ್ದ ಗಿರಿಜೆ ಟೈರನ್ನು ಹಿಸುಕಿ ನೋಡಿ ಕೇಳಿದಳು.

"ಕೊನೆಗೂ ಏನಾಯ್ತು? ಒಂದೂವರೇನೂ ಒಂದು ಪಾಯಿಂಟ್ ಐದೂ ಒಂದೇನಾ, ಬೇರೇನಾ?"

ಮೂವತ್ತೆರಡು ವರ್ಷ ಗಣಿತ ಕಲಿಸಿದವನು ನಾನು. ಸೈಕಲ್ಲಿಗೆ ಸ್ಟ್ಯಾಂಡ್ ಹಾಕಿ, ಚೆನ್ನಾಗಿ ಯೋಚಿಸಿ ಉತ್ತರ ಕೊಟ್ಟೆ.

"ಯಾವ ಮೊಳೆಗೆ ನೇತು ಹಾಕಿದ್ದಾರೆ ಅಂತ ನೋಡಿ ಹೇಳಬೇಕು."