ಅರ್ಧ ಕೊಯ್ತಾದ ಹಕ್ಕು

೧೯೯೪ರ ಜನವರಿಯಲ್ಲಿ ಅಥಣಿ ತಾಲೂಕಿಗೆ ಮಾನವ ಹಕ್ಕುಗಳು ಬಂದವು. ಜೀಪಿನಲ್ಲಿ ಬಂದವು.

ಹೊಟ್ಟೆಪಾಡಿಗಾಗಿ ಊರು ಬಿಟ್ಟು ಬರುವ ಬಡವರ ಹಕ್ಕುಗಳನ್ನು ಕಾಪಾಡುವ ಸಲುವಾಗಿ ದೂರದ ಒಂದು ದಯಾವಂತ ದೇಶವು ಹಣ ಕೊಟ್ಟಿತ್ತು. ಆ ಹಣದಲ್ಲಿ ಮೊದಲು ಜೀಪು ಬಂತು, ಆಮೇಲೆ ಜೀಪು ನಿಲ್ಲಿಸಲು ತಗಡಿನ ಶೆಡ್ಡು ಬಂತು, ಶೆಡ್ಡಿನ ಮಗ್ಗುಲಿಗೆ ಕಚೇರಿ ಬಂತು. ಬಡವರು ಇವೆಲ್ಲಕ್ಕೂ ಮೊದಲೇ ಬಂದಿದ್ದರು. ಜತ್ತ ಸೀಮೆಯ ಕಬ್ಬು ಕಡಿಯುವ ಮಂದಿ ಹಂಗಾಮು ಶುರುವಾದ ಕೂಡಲೇ ರಾಜ್ಯದ ಗಡಿ ದಾಟಿ ಬಂದು, ಹೊಲದಂಚಿಗೆ ಜೋಪಡಿ ಹಾಕಿಕೊಂಡು, ಹಕ್ಕುಗಳ ಸುದ್ದಿಯೇ ಇಲ್ಲದೆ ಕಬ್ಬು ಕಡಿಯುತ್ತಿದ್ದರು.

ಯೋಜನಾಧಿಕಾರಿ ವಿರುಪಾಕ್ಷಪ್ಪನವರು ಕುರಿ ಸಾಕಣೆಯ ಖಾತೆಯಿಂದ ಬಂದವರು. ಅಲ್ಲಿಂದಿಲ್ಲಿಗೆ ತಿರುಗುವ ಜೀವಿಗಳ ಬಗ್ಗೆ ಅವರಿಗೆ ಅನುಭವವಿತ್ತು. ಸಹಾಯಕ್ಕೆಂದು ಕನ್ನಡ ಶಾಲೆಯಿಂದ ತವನಪ್ಪ ಮಾಸ್ತರರನ್ನು ಕರೆಸಿಕೊಂಡರು. ಮಾಸ್ತರರ ಹೆಂಡತಿ ಪದ್ಮವ್ವ ಹಿಂದಿನ ದೀಪಾವಳಿಗೆ ತೀರಿಕೊಂಡಿದ್ದಳು. ಮನೆಯಲ್ಲಿ ದಾರಿ ಕಾಯುವವರಿಲ್ಲದ ಮನುಷ್ಯ ಕಚೇರಿಯಲ್ಲಿ ಎಷ್ಟು ಹೊತ್ತಾದರೂ ಕೂಡುತ್ತಾನೆ ಎಂಬುದು ಸಾಹೇಬರ ಲೆಕ್ಕ. ಅದು ತಪ್ಪಾಗಲಿಲ್ಲ.

ಮೊದಲ ತೊಡಕು ಎಣಿಕೆಯಲ್ಲಿ ಬಂತು. ನಿಮ್ಮಲ್ಲಿ ಮನುಷ್ಯರು ಎಷ್ಟು ಜನ, ತಿಳಿಸಿರಿ ಎಂದು ದಯಾವಂತ ದೇಶ ಕೇಳಿತ್ತು. ವಿರುಪಾಕ್ಷಪ್ಪನವರು ಕೂಲಿಯವರ ಮುಕಾದಮ ಕಾಕಾಸಾಹೇಬನನ್ನು ಕರೆಸಿ ಕೇಳಿದರು.

"ಮನಷ್ಯಾರ ಲೆಕ್ಕ ನಮ್ಮಲ್ಲಿ ಇಲ್ರಿ ಸಾಹೇಬ್ರ," ಎಂದ ಕಾಕಾಸಾಹೇಬ. "ನಮ್ಮದು ಕೊಯ್ತಾ ಲೆಕ್ಕ, ಕುಡಗೋಲಿನ ಲೆಕ್ಕ. ಗಂಡ ಕಡೀತಾನ, ಹೇಂತಿ ಒಣಾ ಗರಿ, ರವದಿ ಸುಲದು ಹೊರಿ ಕಟ್ಟಿ ಹೊರತಾಳ. ಇಬ್ಬರೂ ಸೇರಿ ಒಂದ ಕೊಯ್ತಾ, ಒಂದ ಪಗಾರ. ಒಬ್ಬಾಂವ ಬಂದ್ರ ಅರ್ಧ ಕೊಯ್ತಾ."

"ಅಂದ್ರ ಒಂದ ಕೊಯ್ತಾಕ್ಕ ಮನಷ್ಯಾರ ಎಷ್ಟಪಾ?"

"ಒಂದ ಅಂತ ಹಿಡೀರಿ. ಪಗಾರ ಒಂದ ಐತೆಲ್ಲಾ."

ಈ ವಾದದಲ್ಲಿ ಕೊಂಕು ಕಾಣಲಿಲ್ಲ. ಕೊಯ್ತಾ ಒಂದಕ್ಕೆ ಮನುಷ್ಯ ಒಂದು ಎಂದು ಕಚೇರಿಯ ಸಭೆ ಠರಾವು ಮಾಡಿತು. ಇದರಿಂದ ಬೇಕಾಗುವ ಹಕ್ಕುಗಳು ಅರ್ಧಕ್ಕೆ ಇಳಿದವು. ಉಳಿದ ಅರ್ಧವನ್ನು ಕಚೇರಿಗೆ ಸುಣ್ಣ ಬಣ್ಣ ಮಾಡಿಸಲು ಬಳಸಲಾಯಿತು. ಹಕ್ಕುಗಳನ್ನು ಯಾರೂ ಕದಿಯಬಾರದೆಂದು ಜೋಪಡಿಗಳ ಸುತ್ತ ತಂತಿಬೇಲಿ ಹಾಕಿ ಕಾವಲಿನವನನ್ನು ನಿಲ್ಲಿಸಿದರು. ಅನಂತಪುರವೆಂಬ ಹಳ್ಳಿಯ ಆಚೆ, ಗಡಿಯ ಮೇಲೆ, 'ಹಕ್ಕು ನಾಕಾ' ಎಂಬ ಚೌಕಿ ಕಟ್ಟಿದರು. ಬೇಲಿಗೆ ಒಂದು ಬೋರ್ಡು ತೂಗುಹಾಕಿದರು. ಬರೆದವರು ತವನಪ್ಪ ಮಾಸ್ತರರು, ಅಕ್ಷರ ಮುತ್ತಿನಂತಿದ್ದವು.

*ವಲಸಿಗರ ಗಮನಕ್ಕೆ. ವಾಕ್ ಸ್ವಾತಂತ್ರ್ಯವನ್ನು ಗಂಡನೂ ದುಡಿಮೆಯ ಹಕ್ಕನ್ನು ಹೆಂಡತಿಯೂ ಬಳಸತಕ್ಕದ್ದು. ವಿಶ್ರಾಂತಿಯ ಹಕ್ಕನ್ನು ಇಬ್ಬರೂ ಸರದಿಯಂತೆ ಬಳಸತಕ್ಕದ್ದು. ಸಂಚಾರ ಸ್ವಾತಂತ್ರ್ಯವು ಕೊಯ್ತಾಕ್ಕೆ ಸೇರಿದ್ದಾದ್ದರಿಂದ, ಇಡಿಯಾಗಿ ಬಂದ ಕೊಯ್ತಾ ಇಡಿಯಾಗಿಯೇ ಹೊರಹೋಗತಕ್ಕದ್ದು.*

ಕೊನೆಯ ನಿಯಮದ ಉದ್ದೇಶ ಒಳ್ಳೆಯದೇ ಇತ್ತು. ಮುಕಾದಮರು ಗಂಡನನ್ನೊಂದು ಕಡೆ ಹೆಂಡತಿಯನ್ನೊಂದು ಕಡೆ ಕಳಿಸಿ ಪೀಡಿಸಬಾರದು ಎಂದು ಅದನ್ನು ಮಾಡಿದ್ದರು. ಕಾಕಾಸಾಹೇಬನಂತೂ ಬೋರ್ಡಿಗೆ ಹಾರ ಹಾಕಿದ. "ಮದಲ ಯಾರೂ ಓಡಿ ಹೋಗದಂಗ ಕಾಯಾಕ ನಾನ ಇಬ್ಬರನ್ನ ಇಡತಿದ್ನಿ. ಈಗ ಮಾನವ ಹಕ್ಕು ಕಾಯಾಕತ್ತೈತಿ. ಭಾಳ ಉಪಕಾರ ಆತ್ರಿ," ಎಂದ.

ಫೆಬ್ರುವರಿಯಲ್ಲಿ ಲಿಂಬಾಜಿ ಎಂಬ ಕೂಲಿಯವನ ಗಾಡಿ ಕಾಲುವೆಯ ಏರಿನಲ್ಲಿ ಮಗುಚಿತು. ಕಬ್ಬು ಅವನ ಮೇಲೆ ಬಿತ್ತು. ಹೊಳೆಯ ದಂಡೆಯಲ್ಲಿ ಅವನನ್ನು ಸುಟ್ಟ ಮರುದಿನ ಮುಂಜಾನೆ ಅವನ ಹೆಂಡತಿ ಸುಂದರಾ ಕಾವಲಿನವನ ಜೊತೆಗೆ ಕಚೇರಿಗೆ ಬಂದು ನಿಂತಳು.

"ಊರಿಗಿ ಹೋಗಬೇಕ್ರಿ ಸಾಹೇಬ್ರ. ಮಗಳನ್ನ ಅತ್ತೀ ಕಡೆ ಬಿಟ್ಟ ಬಂದೀನಿ. ಅಪ್ಪ ಹೋದದ್ದ ಆಕಿಗಿ ಗೊತ್ತಿಲ್ಲ. ಜತ್ತ ಸಂತಿಗಿ ಈ ಕಡಿ ಮಂದಿ ಹೋಗತಾರ. ಸಂತ್ಯಾಗ ಯಾರರ ಹೇಳೂದ್ರಾಗ ನಾ ಮುಟ್ಟಬೇಕು."

"ಹೋಗವಾ ತಂಗಿ, ಅದು ನಿನ್ನ ಹಕ್ಕು," ಎಂದರು ವಿರುಪಾಕ್ಷಪ್ಪನವರು. "ಯಜಮಾನನ್ನ ಕರಕೊಂಡ ಬಾ, ಚೀಟಿ ಕೊಡತೀನಿ."

"ಅಂವ ಸತ್ತಾನ್ರಿ."

"ಹೌದಲ್ಲಾ. ಹಂಗಂದ್ರ ನೀ ಈಗ ಅರ್ಧ ಆದಿ. ಅರ್ಧಕ್ಕ ಸಂಚಾರ ಸ್ವಾತಂತ್ರ್ಯ ಇಲ್ಲ."

"ಕಾಲ ಎರಡೂ ಅದಾವಲ್ರಿ ನನಗ."

"ಕಾಲಿನ ಮಾತಲ್ಲ ತಂಗಿ, ಕಾಯ್ದೆದ ಮಾತು. ನಿನ್ನ ಅರ್ಧಾನ ಕಳಿಸಿದ್ರ ನಾಳೆ ನಿನ್ನ ಹಕ್ಕಿಗಿ ಧಕ್ಕಿ ಬಂತಂತ ನನ್ನ ಕೇಳತಾರ. ಬೆಂಗಳೂರಿಗಿ ಬರದ ಕೇಳೂನು. ಮಳಿಗಾಲದಾಗ ಉತ್ತರ ಬರತೈತಿ."

ಸುಂದರಾ ಅಳಲಿಲ್ಲ, ಹೋಗಲೂ ಇಲ್ಲ. ಬಾಗಿಲಲ್ಲೇ ಕುಳಿತಳು. ಜತ್ತಿನ ಸಂತೆ ಮರುದಿನವಿತ್ತು. ತವನಪ್ಪ ಮಾಸ್ತರರು ತಾವೇ ಬರೆದ ನಿಯಮವನ್ನು ಮತ್ತೊಮ್ಮೆ ಓದಿದರು. ಇಡೀ ಕೊಯ್ತಾ ಹೋಗಬೇಕು ಎಂದಷ್ಟೇ ಅದರಲ್ಲಿತ್ತು.

"ಸಾಹೇಬ್ರ, ಅದ ಅರ್ಧ ಬೇಕಂತ ಇದರಾಗ ಇಲ್ರಿ. ಯಾವ ಎರಡ ಅರ್ಧ ಕೂಡಿದ್ರೂ ಒಂದ ಆಕ್ಕೈತಿ."

"ಖರೆ. ಮತ್ತ ಇನ್ನೊಂದ ಅರ್ಧ ಎಲ್ಲಿಂದ ತರೂನ್ರಿ?"

"ನಾ ಅದೀನಲ್ರಿ."

ವಿರುಪಾಕ್ಷಪ್ಪನವರು ಕನ್ನಡಕ ತೆಗೆದು ನೋಡಿದರು. "ನೀವ ಯಾವಾಗಿಂದ ಅರ್ಧ ಅದೀರಿ ಮಾಸ್ತರ್ರ?"

"ದೀಪಾವಳಿಯಿಂದ್ರಿ."

ಚೀಟಿ ಸಿಕ್ಕಿತು. *ಕೊಯ್ತಾ ಒಂದು, ಪೂರ್ಣ, ಹೊರಕ್ಕೆ.* ಬೇಲಿಯ ಬಳಿ ಸುಂದರಾಳ ಗಂಟು ಕಟ್ಟಿಕೊಡುತ್ತಿದ್ದ ನೆರೆಯ ಜೋಪಡಿಯ ಕಾಳವ್ವ ಮಾಸ್ತರರನ್ನು ಮೇಲಿಂದ ಕೆಳಗೆ ನೋಡಿ, "ಈ ಕೈ ಕಬ್ಬ ಕಡ್ಯೂ ಕೈ ಅಲ್ಲ ಬಿಡ್ರಿ. ನಾಕಾದಾಗ ಕೈ ಕಿಸೇದಾಗ ಇಟಗೋರಿ ಮಾಸ್ತರ್ರ," ಎಂದು ಬುದ್ಧಿ ಹೇಳಿದಳು.

ಬಸ್ಸಿನಲ್ಲಿ ಕಂಡಕ್ಟರನು ಚೀಟಿ ಓದಿ, ಸರಕಾರವೇ ಇಬ್ಬರನ್ನು ಒಂದೆಂದ ಮೇಲೆ ತನ್ನದೇನು ಎಂದು ಒಂದೇ ಟಿಕೀಟು ಹರಿದ. ಸೀಟೂ ಒಂದೇ ಎಂದ. ಸುಂದರಾಳನ್ನು ಕೂಡಿಸಿ ಮಾಸ್ತರರು ಕಂಬ ಹಿಡಿದು ನಿಂತರು.

ಅನಂತಪುರ ಹತ್ತಿರವಾದಾಗ ಅವಳು ಮೆಲ್ಲಗೆ ಕೇಳಿದಳು. "ಮಾಸ್ತರ್ರ, ನೀವ ಹುಡುಗೂರಿಗಿ ಕಲಸಾವ್ರು. ಇದನ್ನ ಹೆಂಗ ಹೇಳಬೇಕ್ರಿ?"

ಮಾಸ್ತರರು ಅವಳತ್ತ ಬಗ್ಗಿದರು. "ಮದಲ ಉಣ್ಣಸವ್ವಾ. ಉಂಡ ಮ್ಯಾಲ ಹೇಳು," ಎಂದರು. ಆಮೇಲೆ, "ನನಗೂ ಅಷ್ಟ ಗೊತ್ತು," ಎಂದರು.

ನಾಕಾದಲ್ಲಿ ಕಾವಲಿನ ಲಗಮಣ್ಣ ಇಬ್ಬರನ್ನೂ ಕೂಡಿಸಿ ಒಂದು ಎಂದು ಎಣಿಸಿ ಬಿಟ್ಟ. ಕೊಯ್ತಾ ಗಡಿ ದಾಟುವುದು ಕಡ್ಡಾಯವಾದ್ದರಿಂದ ಮಾಸ್ತರರು ಆಚೆಗೆ ಹೋಗಿ ಇಳಿದರು. ಜತ್ತಿನ ಕಡೆ ಬಸ್ಸು ಕಾಣದಾಗುವ ತನಕ ನಿಂತು, ತಿರುಗಿ ನಾಕಾಕ್ಕೆ ನಡೆದು ಬಂದರು. ಲಗಮಣ್ಣ ಬಿದಿರ ಅಡ್ಡಗಂಬ ಎತ್ತಲಿಲ್ಲ.

"ಹೆಸರ ಹೇಳ್ರಿ."

"ಲಗಮಣ್ಣಾ, ನಾ ತವನಪ್ಪ ಮಾಸ್ತರ. ನಿನ್ನ ಮಗಗ ಮಗ್ಗಿ ಕಲಿಸೀನೋ."

"ಅದಕ್ಕ ಕೈ ಮುಗೀತೀನ್ರಿ. ಆದ್ರ ಆ ಮಾಸ್ತರ್ರು ಈಗ ಹೊರಗ ಹ್ವಾದ್ರಲ್ಲಾ, ನಾನ ಬಿಟ್ಟೀನಿ. ಗಡಿ ಆ ಕಡಿಂದ ನಡಕೋತ ಒಬ್ಬಾಂವ ಬಂದ್ರ ಅಂವ ವಲಸಿಗ, ಅರ್ಧ ಕೊಯ್ತಾ. ನೀವ ಕಲಿಸಿದ ಲೆಕ್ಕಾನ ಐತಿ."

ಮಾಸ್ತರರು ವಿಚಾರ ಮಾಡಿದರು. ಲೆಕ್ಕ ಸರಿಯಿತ್ತು. ಸಂಜೆಯೊಳಗೆ ಅವರಿಗೆ ಹಕ್ಕಿನ ಪ್ರಕಾರ ಅರ್ಧ ಕಂಬಳಿ, ಒಂದು ಕುಡುಗೋಲು ಮತ್ತು ಸುಂದರಾ ತೆರವು ಮಾಡಿದ ಜೋಪಡಿ ದೊರೆತವು.

ವಿರುಪಾಕ್ಷಪ್ಪನವರು ಬೇಲಿಯವರೆಗೆ ಬಂದು ವ್ಯಥೆಪಟ್ಟರು. "ನನಗೂ ಮನಸ್ಸಿಗಿ ಸಮಾಧಾನ ಇಲ್ಲ ಮಾಸ್ತರ್ರ. ಖರೆ ಏನಂದ್ರ, ರೊಕ್ಕಾ ಕೊಟ್ಟ ಪರದೇಶದ ಬಾಯಿಸಾಹೇಬ್ರ ಮುಂದಿನ ವಾರ ನೋಡಾಕ ಬರಾಕತ್ತಾರ. ಮಂದಿ ಕಡಿಮಿ ಬಿದ್ದಿತ್ತು. ದೇವರ ನಿಮ್ಮನ್ನ ಕಳಿಸಿದ." ಶಾಲೆಯಲ್ಲಿ ಹೆಡ್‌ಮಾಸ್ತರರು ಹಾಜರಿಯಲ್ಲಿ 'ವಲಸೆ ಹೋಗಿದ್ದಾರೆ' ಎಂದು ಬರೆದು, ಅವರ ವರ್ಗದ ಮಕ್ಕಳನ್ನು ಬೇಲಿಯ ಹೊರಗೆ ಸಾಲಾಗಿ ಕೂಡಿಸತೊಡಗಿದರು. ಮಾಸ್ತರರು ಒಳಗೆ ರವದಿ ಸುಲಿಯುತ್ತ ಮಗ್ಗಿ ಹೇಳಿಸುತ್ತಿದ್ದರು. ಕಾಳವ್ವ ಹದಿಮೂರರ ಮಗ್ಗಿಯವರೆಗೆ ಕಲಿತಳು.

ಬಾಯಿಸಾಹೇಬರು ಬಂದರು. ನಿಮ್ಮ ಹಕ್ಕುಗಳು ಸಿಗುತ್ತಿವೆಯೇ ಎಂದು ಮಾಸ್ತರರನ್ನು ಕೇಳಿದರು. ಅವರು ತಪ್ಪಿಲ್ಲದ ಇಂಗ್ಲಿಷಿನಲ್ಲಿ, ನಿಯಮದಂತೆ ಸಿಗುತ್ತಿವೆ ಎಂದರು. ಬಾಯಿಸಾಹೇಬರು ಕಣ್ಣೊರೆಸಿಕೊಂಡರು. ಒಂದೇ ಹಂಗಾಮಿನಲ್ಲಿ ಕಬ್ಬು ಕಡಿಯುವವರಿಗೆ ಇಂಗ್ಲಿಷು ಬಂದುದನ್ನು ಅವರ ವರದಿ ಕೊಂಡಾಡಿತು. ರಾಯಬಾಗ, ಚಿಕ್ಕೋಡಿಗಳಿಗೂ ಯೋಜನೆ ಮಂಜೂರಾಗಿ, ಎರಡು ಜೀಪುಗಳು ಹೊರಟವು.

ಆ ವಾರವೇ ಜತ್ತಿನ ಬಸ್ಸಿನ ಕಂಡಕ್ಟರ ಬೇಲಿಯ ಹತ್ತಿರ ಬಂದು ಕೂಗಿ ಹೇಳಿದ: "ಮಾಸ್ತರ್ರ, ಆ ಅಕ್ಕ ಹೇಳಿ ಕಳಿಸ್ಯಾಳ್ರಿ. ಸುದ್ದಿಗಿಂತಾ ಮದಲ ಮುಟ್ಟೀನಿ ಅಂತ."

ಮಾಸ್ತರರು ಕೈಯಲ್ಲಿದ್ದ ಕಬ್ಬನ್ನು ಪೂರ್ತಿ ಸುಲಿದು ಕೆಳಗಿಟ್ಟು, "ಚಲೋ ಆತು," ಎಂದರು.

ಹಂಗಾಮು ಮುಗಿಯಿತು. ಕೊಯ್ತಾಗಳು ಇಡಿ ಇಡಿಯಾಗಿ ಊರಿಗೆ ಹೊರಟವು. ಬೇಲಿಯೊಳಗೆ ಮಾಸ್ತರರು ಒಬ್ಬರೇ ಉಳಿದರು. ವಿರುಪಾಕ್ಷಪ್ಪನವರು ವರ್ಷಾಂತ್ಯದ ವರದಿ ಹಿಡಿದುಕೊಂಡು ಬಂದು, ಜೋಪಡಿಯ ಮುಂದೆ ಕುಕ್ಕರುಗಾಲಲ್ಲಿ ಕುಳಿತರು.

"ಮತ್ತೇನರ ಬೇಕಾಗೇತೇನ್ರಿ ಮಾಸ್ತರ್ರ? ಬರಕೋತೀನಿ."

"ಮನಿಗಿ ಹೋಗೂದಿತ್ರಿ."

"ಮನ್ಯಾಗ ಯಾರ ಅದಾರ್ರಿ?"

ಮಾಸ್ತರರು ಯಾವಾಗಲೂ ಯೋಚಿಸಿಯೇ ಉತ್ತರಿಸುವವರು. ಈಗಲೂ ಯೋಚಿಸಿದರು. "ಯಾರೂ ಇಲ್ರಿ," ಎಂದರು.

"ಹಂಗಾರ ಅವಸರೇನಿಲ್ಲ," ಎಂದು ಸಾಹೇಬರು ಹಗುರಾಗಿ ನಕ್ಕು, ಬರೆದುಕೊಂಡರು: *ಯೋಜನೆಯ ಫಲವಾಗಿ ವಲಸಿಗನಿಗೆ ಮನೆಗೆ ಮರಳುವ ಅವಸರ ಉಳಿದಿಲ್ಲ.* ಬರೆದದ್ದನ್ನು ಮಾಸ್ತರರ ಕೈಗೆ ಕೊಟ್ಟು, ನೋಡಿರಿ, ಏನಾದರೂ ತಪ್ಪಿದ್ದರೆ ತಿದ್ದಿರಿ ಎಂದರು.

ಮಾಸ್ತರರು ಎರಡು ಸಲ ಓದಿದರು. ತಪ್ಪೇನೂ ಇರಲಿಲ್ಲ. ಸಹಿ ಮಾಡಿದರು.