ಕತ್ತಿಲ್ಲದ ಯಂತ್ರದವರಿಗೆ ಅಮ್ಮನ ಮಫ್ಲರ್

ನಮ್ಮ ಹಾಸ್ಟೆಲಿನ ಎದುರಿನ ದಿನಸಿ ಅಂಗಡಿಯಲ್ಲಿ, ಬಾಗಿಲ ಪಕ್ಕದ ಸಾಲಿನಲ್ಲಿ ಎರಡನೆಯವರಾಗಿ ನಿಂತು, ಗಿರಾಕಿಗಳ ಕೈಯಿಂದಲೇ ಬಿಲ್ ಮಾಡಿಸುವ ಘನತೆವೆತ್ತ ಯಂತ್ರದವರಿಗೆ, ಪರದೇಶಕ್ಕೆ ಒಬ್ಬಳೇ ಓದಲು ಬಂದಿರುವ ವಿದ್ಯಾರ್ಥಿನಿಯ ಅನಂತ ನಮಸ್ಕಾರಗಳು.

ಮಾನ್ಯರೇ,

ತಾವು ಕ್ಷೇಮವೆಂದು ನಂಬಿದ್ದೇನೆ. ಕಳೆದ ವಾರ ಬಾಯಿಗೆ ರಸೀದಿ ಸಿಕ್ಕಿಕೊಂಡು ತಾವು ಮೌನವ್ರತ ಹಿಡಿದಿದ್ದಿರಿ. ಅಂದು ಇಡೀ ದಿನ ನನ್ನನ್ನು ಯಾರೂ ಮಾತನಾಡಿಸಲಿಲ್ಲ. ನಮ್ಮ ತರಗತಿಯ ತುಂಬ ಜನರಿದ್ದಾರೆ, ಎಲ್ಲರೂ ತಂತಮ್ಮ ಲ್ಯಾಪ್‌ಟಾಪ್ ನೋಡುತ್ತಾರೆ, ಪ್ರೊಫೆಸರರು ಹಿಂದಿನ ಗೋಡೆ ನೋಡುತ್ತಾರೆ, ಪಕ್ಕದ ಕೋಣೆಯವಳು ಫ್ರಿಜ್ಜಿಗೆ 'ನನ್ನ ಹಾಲು ಮುಟ್ಟಬೇಡಿ' ಎಂಬ ಚೀಟಿ ಅಂಟಿಸಿ ನನ್ನೊಡನೆ ಸ್ನೇಹ ಬೆಳೆಸಿದ್ದಾಳೆ. ಇಂಥ ಊರಿನಲ್ಲಿ ಹೋದಾಗಲೆಲ್ಲ ಬನ್ನಿ ಎಂದವರು, ಚೀಲ ತಂದಿದ್ದೀರಾ ಎಂದು ವಿಚಾರಿಸಿದವರು, ಸಾಮಾನು ಮರೆಯಬೇಡಿ, ಮತ್ತೆ ಬನ್ನಿ ಎಂದವರು ತಾವೊಬ್ಬರೇ. ನಮ್ಮ ಸೋದರಮಾವನ ಮದುವೆಯಲ್ಲೂ ನನಗೆ ಇಷ್ಟು ಉಪಚಾರ ಆಗಿರಲಿಲ್ಲ.

ಈಗ ದೂರಿನ ವಿಷಯಕ್ಕೆ ಬರುತ್ತೇನೆ. ನನ್ನ ಅಮ್ಮ ಫೋನಿನಲ್ಲಿ, ಅಲ್ಲಿ ಮಾತಾಡ್ಸೋಕೆ ಒಂದು ನರಪಿಳ್ಳೆನೂ ಇಲ್ಲ ಅಂದ್ರೆ ಇದ್ದು ಏನ್ ಮಾಡ್ತೀಯ ಪುಟ್ಟಿ, ಓದು ಇಲ್ಲೂ ಇದೆ, ಗಂಟುಮೂಟೆ ಕಟ್ಕೊಂಡು ಬಂದ್ಬಿಡು, ಅಪ್ಪಂಗೆ ಟಿಕೆಟ್ ನೋಡೋಕೆ ಹೇಳ್ತೀನಿ ಎಂದು ಕಣ್ಣೀರು ತೆಗೆದಾಗ, ಹಟ ಹಿಡಿದು ಬಂದ ಓದು ಅರ್ಧಕ್ಕೇ ನಿಲ್ಲುವ ಭಯದಲ್ಲಿ ನನಗೆ ನೆನಪಾದದ್ದು ತಮ್ಮ ಸವಿನುಡಿ. ಅಂಗಡಿಯಲ್ಲಿ ಒಬ್ಬರು ಆಂಟಿ ಇದ್ದಾರಮ್ಮ, ಹೋದಾಗಲೆಲ್ಲ ಬಾ ಅಂತಾರೆ, ಚೀಲ ತಂದ್ಯಾ ಅಂತಾರೆ, ಮತ್ತೆ ಬಾ ಅಂತಾರೆ ಎಂದೆ. ಇದರಲ್ಲಿ ಆಂಟಿ ಎಂಬ ಒಂದು ಪದ ಬಿಟ್ಟರೆ ಮಿಕ್ಕಿದ್ದೆಲ್ಲ ಅಪ್ಪಟ ಸತ್ಯ. ಅಮ್ಮನ ಹೊಟ್ಟೆ ತಣ್ಣಗಾಯಿತು, ಟಿಕೆಟ್ಟಿನ ಮಾತು ನಿಂತಿತು. ಆದರೆ ಅಮ್ಮನಿಗೆ ತಮ್ಮ ಮೇಲೆ ಪ್ರೀತಿ ಬೆಳೆಯತೊಡಗಿತು. ಆಂಟಿಗೆ ಮಕ್ಕಳೆಷ್ಟು, ದಿನವೆಲ್ಲ ನಿಂತು ಮಂಡಿ ನೋಯೋದಿಲ್ವಾ ಎಂದು ಅಮ್ಮ ಕೇಳತೊಡಗಿದರು, ನಾನು ತಮಗೆ ಇಬ್ಬರು ಗಂಡುಮಕ್ಕಳನ್ನೂ ಲಘುವಾದ ಮಂಡಿನೋವನ್ನೂ ದಯಪಾಲಿಸಬೇಕಾಯಿತು. ಕೊನೆಗೆ ಆ ಆಂಟಿಗೆಂದೇ ಉಣ್ಣೆಯ ಮಫ್ಲರ್ ಹೆಣೆದು ಪಾರ್ಸೆಲ್ ಕಳಿಸಿ, ಹಾಕಿಕೊಂಡ ಫೋಟೋ ಬೇಕು, ಒಂದ್ಸಲ ವಿಡಿಯೋದಲ್ಲಿ ಮಾತಾಡ್ಸು ಎಂದು ಅಪ್ಪಣೆ ಮಾಡಿದರು.

ಬಿಸಿತುಪ್ಪ ನುಂಗಲೂ ಆಗದೆ ಉಗುಳಲೂ ಆಗದೆ ನಾನು ಮಫ್ಲರ್ ಹಿಡಿದು ತಮ್ಮ ಸನ್ನಿಧಿಗೆ ಬಂದೆ. ಮಾನ್ಯರೇ, ತಾವು ಎಲ್ಲ ವಿಧದಲ್ಲೂ ಯೋಗ್ಯರು, ಆದರೆ ತಮಗೆ ಕತ್ತಿಲ್ಲ. ಪರದೆಯ ಕೆಳಗೆ ಸುತ್ತಿದರೆ ಜಾರಿತು, ಮೇಲಿನ ದೀಪದ ಕಂಬಕ್ಕೆ ಸುತ್ತಿ ಗಂಟು ಹಾಕಿದರೆ ತುದಿ ತೂಕದ ತಟ್ಟೆಯ ಮೇಲೆ ಬಿತ್ತು. ನನ್ನ ಅಮ್ಮ ಕಣ್ಣು ನೋಯಿಸಿಕೊಂಡು ಹೆಣೆದದ್ದನ್ನು ತಾವು 'ಗುರುತಿಲ್ಲದ ವಸ್ತು, ಗುರುತಿಲ್ಲದ ವಸ್ತು' ಎಂದು ಅಂಗಡಿಯೆಲ್ಲ ಕೇಳುವಂತೆ ಸಾರಿ, ಕೆಂಪು ದೀಪ ಹೊತ್ತಿಸಿ, ನನ್ನ ಮರ್ಯಾದೆಯನ್ನು ಮೂರು ಕಾಸಿಗೆ ಹರಾಜು ಹಾಕಿದಿರಿ. ನನಗೆ ಅಳು ಬಂತು. ಉಂಡ ಮನೆಯ ಜಂತಿ ಎಣಿಸುವವರ ಬಗ್ಗೆ ಕೇಳಿದ್ದೆ, ಕಂಡದ್ದು ಅಂದೇ.

ತಮ್ಮ ಕೂಗಿಗೆ ಕೊನೆಯ ಕೌಂಟರಿನಲ್ಲಿ ಕೂರುವ ದಪ್ಪ ಕನ್ನಡಕದ ಹೆಂಗಸು ಕಾಲೆಳೆಯುತ್ತ ಬಂದರು. ಅವರನ್ನು ನಾನು ಎಂದೂ ನೋಡಿರಲಿಲ್ಲ, ನೋಡುವ ಅಗತ್ಯವೇ ಬೀಳದಂತೆ ತಾವು ಏರ್ಪಾಡು ಮಾಡಿದ್ದಿರಿ. ಏನಿದು, ಯಂತ್ರಕ್ಕೆ ಚಳಿ ಆಗುತ್ತಾ, ಬಾಗಿಲು ತೆಗೆದಾಗಲೆಲ್ಲ ಗಾಳಿಗೆ ಸಾಯೋಳು ನಾನು ಎಂದು ಅವರು ಈ ಊರಿನ ಭಾಷೆಯಲ್ಲಿ ಗೊಣಗಿದರು. ನಾನು ಅರ್ಧ ಅವರ ಭಾಷೆಯಲ್ಲಿ, ಅರ್ಧ ಬಿಕ್ಕುತ್ತ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಅವರು ಗಂಟು ಬಿಚ್ಚಿ, ಮಫ್ಲರನ್ನು ಕತ್ತಿಗೆ ಸುತ್ತಿಕೊಂಡು, ಎಲ್ಲಿ ನಿಮ್ಮಮ್ಮ, ಕರಿ ಎಂದರು. ನಾನು ಅಮ್ಮನಿಗೆ ವಿಡಿಯೋ ಕರೆ ಮಾಡಿದೆ. ಇಬ್ಬರೂ ಒಬ್ಬರ ಭಾಷೆ ಒಬ್ಬರಿಗೆ ತಿಳಿಯದೆ ಬಹಳ ಹೊತ್ತು ಮಾತನಾಡಿದರು, ಮಂಡಿ ತೋರಿಸಿಕೊಂಡರು.

ಆದುದರಿಂದ ತಾವು ದಯಮಾಡಿ ಒಂದು ಕತ್ತು ಬೆಳೆಸಿಕೊಳ್ಳಬೇಕೆಂದೂ, ಗಿರಾಕಿಯ ಮುಖ ಬಾಡಿದ್ದರೆ ಏನಾಯ್ತು ಎಂದು ಕೇಳಲು ಕಲಿಯಬೇಕೆಂದೂ ಕೋರುತ್ತೇನೆ. ಅಲ್ಲಿಯವರೆಗೆ ನಾನು ಕೊನೆಯ ಕೌಂಟರಿನ ಉದ್ದನೆಯ ಸಾಲಿನಲ್ಲಿ ನಿಲ್ಲುತ್ತೇನೆ. ಅವರು ಬನ್ನಿ ಎನ್ನುವುದಿಲ್ಲ, ವಂದನೆ ಹೇಳುವುದಿಲ್ಲ, ಮತ್ತೆ ಬರೀ ಬ್ರೆಡ್ಡಾ ಎಂದು ಬೈಯುತ್ತಾರೆ.

ಇಂತಿ, ತೂಕದ ತಟ್ಟೆಗೆ ಇನ್ನೂ ಗುರುತು ಸಿಗದ,
ತಮ್ಮ ವಿಶ್ವಾಸಿ

ತಾ.ಕ.: ನಿನ್ನೆ ಅಮ್ಮನಿಗೆ ತಪ್ಪೊಪ್ಪಿಕೊಳ್ಳಲು ಹೋದೆ. ಅವರು ನಡುವೆಯೇ ತಡೆದು, ಮೊದಲಿನ ಆಂಟಿ ಮನುಷ್ಯರಲ್ಲ ಅಂತ ನೀನು ಹೇಳಿದ ದಿನಾನೇ ನಂಗೆ ಗೊತ್ತಾಯ್ತು ಕಣೇ, ಹುಡುಗಿ ಇಷ್ಟು ಸೊರಗಿರೋದು ನೋಡ್ಕೊಂಡೂ ಊಟ ಮಾಡಿದ್ಯಾ ಅಂತ ಕೇಳದೆ ಚೀಲ ತಂದ್ಯಾ ಅಂತ ಕೇಳೋರು ಎಲ್ಲಾದ್ರೂ ಇರ್ತಾರಾ, ಮಫ್ಲರ್ ಕಳಿಸಿದ್ದೇ ನೀನು ಅದಕ್ಕೊಂದು ಕತ್ತು ಹುಡುಕ್ಲಿ ಅಂತ, ಎಂದರು.