ಕರೆಂಟ್ ಮಗ್ಗ, ಇದ್ದಿಲು ಬಸ್ಸು ಮತ್ತು ನಮ್ಮ ಭಾವ

ಇಲ್ಲಿ ಬರೆದಿರುವುದರಲ್ಲಿ ಒಂದಕ್ಷರವೂ ಸುಳ್ಳಿಲ್ಲ. ಬೇಕಾದರೆ ಮನೆದೇವರ ಮೇಲೆ ಆಣೆ ಇಡುತ್ತೇನೆ, ಅದೂ ಸಾಲದಿದ್ದರೆ ನನ್ನ ಮೀಸೆಯ ಮೇಲೆ. ದೇವರಾದರೂ ಕ್ಷಮಿಸಿಯಾನು, ಮೀಸೆ ಒಮ್ಮೆ ಹೋದರೆ ಮತ್ತೆ ಬರುವುದಕ್ಕೆ ತಿಂಗಳು ಬೇಕು.

ಹೊಸ ಯಂತ್ರ ಬಂದ ಕಡೆಯಲ್ಲೆಲ್ಲ ಇಂಥವು ನಡೆಯುತ್ತಲೇ ಇರುತ್ತವೆ. ನಮ್ಮ ದೊಡ್ಡಬಳ್ಳಾಪುರದವರ ಪಾಲಿಗೆ ಯುದ್ಧದ ಆ ನಾಲ್ಕೈದು ವರ್ಷಗಳಲ್ಲಿ ಒಂದರ ಹಿಂದೊಂದು ಮೂರು ಬಂದವು: ಕರೆಂಟಿನ ಮಗ್ಗ, ಇದ್ದಿಲಿನ ಬಸ್ಸು, ಎದೆಯೊಳಗಿನ ಫೋಟೋ. ಮೂರಕ್ಕೂ ಸಿಕ್ಕಿಬಿದ್ದವರು ನಮ್ಮ ಭಾವ, ಅಂದರೆ ನಮ್ಮಕ್ಕನ ಗಂಡ. ಬಸ್ಸಿನ ಕಂಡಕ್ಟರ್ ನಾನು. ಇಡೀ ಮೈಸೂರು ಸಂಸ್ಥಾನದಲ್ಲಿ ಒಂದು ಸಲವೂ ಕೆಮ್ಮದೆ ಇದ್ದಿಲು ಬಸ್ಸು ನಡೆಸಿದ ಏಕೈಕ ಕಂಡಕ್ಟರ್ ನಾನೇ. ನನ್ನ ಪಾಲಿನದ್ದನ್ನೂ ಭಾವನೇ ಕೆಮ್ಮಿಬಿಟ್ಟರು.

೧. ಕಾಲಿಗೆ ಕೆಲಸ

ಭಾವ ಕುಣಿಮಗ್ಗದವರು. ನೆಲದಲ್ಲಿ ಕುಣಿ, ಕುಣಿಯಲ್ಲಿ ಕಾಲು, ಕೈಯಲ್ಲಿ ಲಾಳಿ. ಅವರು ನೇಯ್ದ ರೇಷ್ಮೆ ಸೀರೆ ಉಟ್ಟು ಎಷ್ಟು ಹೆಣ್ಣುಮಕ್ಕಳು ಹಸೆಮಣೆ ಏರಿದರೋ ಲೆಕ್ಕವಿಲ್ಲ. ಆಮೇಲೆ ಕರೆಂಟಿನ ಮಗ್ಗ ಬಂತು. ಅದು ದಿನಕ್ಕೆ ನೇಯುವುದನ್ನು ಭಾವ ವಾರವಿಡೀ ನೇಯಬೇಕು. ಗಿರಾಕಿಗಳು ಅತ್ತ ಹೋದರು. ಮನೆಯ ಮಗ್ಗದ ಮೇಲೆ ಅಕ್ಕ ಹಾಸಿಗೆ ಸುತ್ತಿಡಲು ಶುರುಮಾಡಿದಳು. ಭಾವ ಪೇಟೆಯ ಯಜಮಾನರೊಬ್ಬರ ಶೆಡ್ಡಿಗೆ ಕೂಲಿಗೆ ಸೇರಿದರು.

ಮೊದಲ ದಿನ ಎರಡು ಮಗ್ಗದ ನಡುವೆ ನಿಂತರು. ಮಗ್ಗ ತಾನೇ ಬಡಿದುಕೊಳ್ಳುತ್ತಿದೆ, ತಾನೇ ಲಾಳಿ ಎಸೆಯುತ್ತಿದೆ. ಭಾವನ ಕಾಲು ಮಾತ್ರ ಬರೀ ನೆಲವನ್ನು ತುಳಿಯುತ್ತಿದೆ, ಒಂದು ಸಲ ಬಲ, ಒಂದು ಸಲ ಎಡ.

"ಏನಪ್ಪಾ, ಕಾಲು ಯಾಕೆ ಆಡಿಸ್ತಿದ್ದೀಯ?" ಅಂದರು ಯಜಮಾನರು.

"ನಾನು ಆಡಿಸ್ತಿಲ್ಲ ಯಜಮಾನ್ರೇ. ಅದೇ ಆಡ್ತಿದೆ."

"ಸುಮ್ನೆ ದಂಡ ಆಗ್ತಿದೆಯಲ್ಲಯ್ಯಾ!"

ಮಾರನೇ ದಿನ ಶೆಡ್ಡಿನ ಕಿಟಕಿಯಾಚೆಗೆ ಯಜಮಾನರ ಮೊಮ್ಮಗನ ತೊಟ್ಟಿಲು ಬಂತು. ಅದರ ಹಗ್ಗ ಕಿಟಕಿಯೊಳಗಿಂದ ಬಂದು ಭಾವನ ಕಾಲ್ಬೆರಳಿಗೆ ಕಟ್ಟಿಕೊಂಡಿತು. ಎರಡು ಕೈಗೆ ಎರಡು ಮಗ್ಗ, ಒಂದು ಕಾಲಿಗೆ ಯಜಮಾನರ ವಂಶ. ಆ ಗದ್ದಲದಲ್ಲೇ ನಿದ್ದೆ ಕಲಿತ ಕೂಸು, ಮಗ್ಗ ನಿಂತರೆ ಸಾಕು, ಎದ್ದು ಕಿರುಚುತ್ತಿತ್ತು. ಕರೆಂಟು ಹೋಗಿದೆ ಅಂತ ನಮ್ಮ ಬೀದಿಗೆ ಗೊತ್ತಾಗುತ್ತಿದ್ದುದೇ ಅದರ ಅಳುವಿನಿಂದ.

೨. ಅಕ್ಕನ ಸವತಿ

ಮಗ್ಗಕ್ಕೆ ವೇಗ ಜಾಸ್ತಿ, ಲಾಳಿಯಲ್ಲಿನ ನೂಲು ಗಳಿಗೆಗೊಮ್ಮೆ ಮುಗಿಯುತ್ತದೆ. ಹೊಸ ನೂಲು ತುಂಬಿದಾಗಲೆಲ್ಲ ಅದರ ತುದಿಯನ್ನು ಲಾಳಿಯ ಸಣ್ಣ ತೂತಿನಿಂದ ಹೊರಗೆ ತರಬೇಕು. ಅದಕ್ಕೆ ಯಂತ್ರ ಇರಲಿಲ್ಲ. ತೂತಿಗೆ ತುಟಿ ಇಟ್ಟು ಉಸಿರು ಎಳೆಯಬೇಕು, ನೂಲಿನ ಜೊತೆ ಧೂಳೂ ಬರುತ್ತದೆ. ಶೆಡ್ಡಿನಲ್ಲಿ ಎಷ್ಟು ಜನ ಇದ್ದರೋ ಅಷ್ಟು ಜನದ ತುಟಿಗೂ ಅವೇ ಲಾಳಿಗಳು.

ಒಂದು ದಿನ ಬುತ್ತಿ ಕೊಡಲು ಹೋದವನು ನೋಡಿಬಿಟ್ಟೆ. ಸಿಕ್ಕಿದ ಅವಕಾಶ ಬಿಡುವ ಭಾಮೈದ ನಾನಲ್ಲ. ಮನೆಗೆ ಬಂದು ಅಕ್ಕನ ಎದುರಿಗೇ ಹೇಳಿದೆ:

"ಏನ್ ಭಾವ, ಬೆಳಗಿಂದ ಸಾಯಂಕಾಲದವರೆಗೂ ಲಾಳಿಗೆ ಮುತ್ತು ಕೊಡ್ತಾನೇ ಇರ್ತೀರಂತೆ!"

ಅಕ್ಕ ರಾಗಿಮುದ್ದೆ ಕಟ್ಟುತ್ತಿದ್ದವಳು ತಲೆಯೆತ್ತದೆ ಅಂದಳು: "ಅದಕ್ಕೇ ಮೂರು ತಿಂಗಳಿಂದ ಕೆಮ್ಮು. ಅವಳಿಗೆ ಒಳ್ಳೇ ಮನೆತನ ಇಲ್ಲ."

ಆ ಕೆಮ್ಮು ನಿಲ್ಲಲಿಲ್ಲ. ಭಾವನ ಅಂಗಿ ದಿನದಿಂದ ದಿನಕ್ಕೆ ದೊಡ್ಡದಾಗುತ್ತಾ ಹೋಯಿತು. ಊರಿನ ಡಾಕ್ಟರು ಎದೆಗೆ ಕೊಳವೆ ಇಟ್ಟು ಕೇಳಿ, ಭಾವನನ್ನು ಬಿಟ್ಟು ನನ್ನ ಮುಖ ನೋಡಿದರು.

"ಬೆಂಗಳೂರಲ್ಲಿ ಎಕ್ಸ್‌ರೇ ಅಂತ ಹೊಸ ಮೆಷಿನ್ನಿದೆ. ಎದೆಯೊಳಗಿನ ಫೋಟೋ ತೆಗೀತಾರೆ. ಬೇಗ ಹೋದ್ರೆ ಜೀವ ಉಳಿಯುತ್ತೆ. ತಡ ಆದ್ರೆ ನಾನೇನೂ ಹೇಳಲ್ಲ."

ಭಾವ ಅಂಗಿಯ ಗುಂಡಿ ಹಾಕಿಕೊಳ್ಳುತ್ತಾ ಅಂದರು: "ಬೇಗ ಹೋಗ್ಬೇಕಾದ್ರೆ ನನ್ನನ್ನ ಇವನ ಬಸ್ಸಿಗೆ ಮಾತ್ರ ಹತ್ತಿಸ್ಬೇಡಿ ಡಾಕ್ಟ್ರೇ."

೩. ಕೆಂಡದಾನ

ಬೇರೆ ಬಸ್ಸಿದ್ದರೆ ತಾನೆ! ಪೆಟ್ರೋಲೆಲ್ಲ ಯುದ್ಧಕ್ಕೆ ಹೋಗಿತ್ತು. ನಮ್ಮ ಬಸ್ಸಿನ ಬೆನ್ನಿಗೆ ಹಂಡೆಯಂಥ ಒಂದು ಒಲೆ ಕಟ್ಟಿದ್ದರು. ಅದರಲ್ಲಿ ಇದ್ದಿಲು ಉರಿಸಿ, ಕೈಯಿಂದ ಗಾಳಿಯ ಚಕ್ರ ತಿರುಗಿಸಿ, ಅದರ ಗ್ಯಾಸಿನಿಂದ ಎಂಜಿನ್ನು ಓಡಬೇಕು.

ಒಲೆ ಅಂದಮೇಲೆ ನೆರೆಹೊರೆಯವರು ಬೆಂಕಿ ಕೇಳದೆ ಇರುತ್ತಾರೆಯೇ? ರಾಜಾನುಕುಂಟೆಯಲ್ಲಿ ಬಸ್ಸು ನಿಂತರೆ ಇಸ್ತ್ರಿಯವನು ಪೆಟ್ಟಿಗೆ ಹಿಡಿದು ಓಡಿ ಬರುತ್ತಿದ್ದ, ಹೋಟೆಲಿನವನು ಬಾಂಡಲಿ ತರುತ್ತಿದ್ದ. ಉದಾರತೆಯಲ್ಲಿ ನನ್ನನ್ನು ಮೀರಿಸುವವರು ಆ ರಸ್ತೆಯಲ್ಲಿ ಹುಟ್ಟಿರಲಿಲ್ಲ. ಭಾವನನ್ನು ಕರೆದುಕೊಂಡು ಹೋದ ದಿನವೂ ನಾಲ್ಕು ಸೌಟು ಕೆಂಡ ಧಾರಾಳವಾಗಿ ಕೊಟ್ಟೆ.

ನಮ್ಮ ಡ್ರೈವರ್ ಸಾಬರು ಕನ್ನಡಿಯಲ್ಲಿ ನೋಡಿ ಕೂಗಿದರು: "ಅರೇ ಕಂಡಕ್ಟರ್, ಬೆಂಕಿಯೆಲ್ಲಾ ದಾನ ಮಾಡ್ಬಿಟ್ರೆ ಗಾಡಿ ಯಾರು ತಳ್ತಾರೆ? ನಿಮ್ಮ ಮಾವ ಬರ್ತಾರಾ?"

"ಮಾವ ಇಲ್ಲ ಸಾಬ್ರೇ, ಭಾವ ಇದಾರೆ," ಅಂದೆ. ಬಸ್ಸೆಲ್ಲ ನಕ್ಕಿತು. ಭಾವನೂ ನಕ್ಕು, ನಗು ಕೆಮ್ಮಾಗಿ, ಕರ್ಚೀಫು ಬಾಯಿಗೊತ್ತಿಕೊಂಡರು.

ಯಲಹಂಕದ ಹತ್ತಿರ ಏರಿನಲ್ಲಿ ಬಸ್ಸು ನಿಂತಿತು. ಎಲ್ಲರೂ ಇಳಿದು ತಳ್ಳಿದರು. ನೋಡುತ್ತೇನೆ, ಭಾವನೂ ಇಳಿದು ಭುಜ ಕೊಟ್ಟಿದ್ದಾರೆ.

"ನೀವು ಕೂತ್ಕೊಳ್ಳಿ ಭಾವ!"

"ಎಲ್ಲಾ ಇಳಿದು ನಾನೊಬ್ಬನೇ ಕೂತಿದ್ರೆ ನೋಡಿದವರು ಹೆಣ ಸಾಗಿಸ್ತಿದಾರೆ ಅನ್ಕೋತಾರೆ ಕಣೋ."

ಆಸ್ಪತ್ರೆ ಸೇರುವ ಹೊತ್ತಿಗೆ ಫೋಟೋ ಕೋಣೆಗೆ ಬೀಗ ಬಿದ್ದಿತ್ತು. ವಾರಕ್ಕೊಂದೇ ದಿನವಂತೆ, ಇನ್ನು ಮುಂದಿನ ವಾರವೇ ಬರಬೇಕಂತೆ. ಡಾಕ್ಟರು ಬೇಗ ಅಂದಿದ್ದರು, ನಾನು ಒಂದು ವಾರ ಕಳೆದಿದ್ದೆ. ಬಾಗಿಲ ಮುಂದೆ ನಿಂತು ಯೋಚಿಸಿದೆ: ನಮ್ಮ ಬಸ್ಸಿನ ಅರ್ಧ ಎಂಜಿನ್ನು ಈಗ ರಾಜಾನುಕುಂಟೆಯಲ್ಲಿ ಯಾರೋ ಶಾನುಭೋಗರ ಕೋಟಿನ ಮೇಲೆ ಓಡಾಡುತ್ತಿರುತ್ತದೆ.

೪. ಬೆಳಕಿಗೆ ಹಿಡಿದದ್ದು

ಮುಂದಿನ ವಾರ ಯಾರಿಗೂ ಒಂದು ಕಿಡಿಯನ್ನೂ ಕೊಡಲಿಲ್ಲ. ಹೊತ್ತಿಗೆ ಸರಿಯಾಗಿ ತಲುಪಿದೆವು.

ಫೋಟೋ ಅಂದಮೇಲೆ ಭಾವ ಫೋಟೋಗೆ ಹೋಗುವ ಹಾಗೆಯೇ ಹೊರಟಿದ್ದರು. ಕ್ಷೌರ, ಎಣ್ಣೆ ಹಚ್ಚಿ ಬಾಚಿದ ಕ್ರಾಪು, ಹೆಗಲ ಮೇಲೆ ತಮ್ಮ ಮದುವೆಗೆ ತಾವೇ ನೇಯ್ದುಕೊಂಡ ಜರಿ ಅಂಚಿನ ಶಲ್ಯ. ಮೆಷಿನ್ನಿನವನು "ಅಂಗಿ ಬಿಚ್ಚಿ" ಅಂದ, ಬಿಚ್ಚಿದರು. ಬರೀ ಮೈಯಲ್ಲಿ ಫೋಟೋಗೆ ನಿಲ್ಲಲು ನಾಚಿಕೆಯಾಗಿ, ದೀಪ ಆರಿಸಿ ಕೋಣೆ ಕತ್ತಲಾದ ಕೂಡಲೇ ಶಲ್ಯ ಸುತ್ತಿಕೊಂಡುಬಿಟ್ಟರು.

ದೊಡ್ಡ ಡಾಕ್ಟರು ಫೋಟೋವನ್ನು ಬೆಳಕಿಗೆ ಹಿಡಿದು ಬೆಚ್ಚಿಬಿದ್ದರು. "ಏನ್ರೀ ಇದು, ಎದೆ ಮೇಲೆ ಇಷ್ಟುದ್ದ ಬಿಳೀ ಪಟ್ಟೆ?"

"ಅದು ನನ್ನ ಅಂಚು ಸ್ವಾಮಿ," ಅಂದರು ಭಾವ. "ಅಪ್ಪಟ ಬೆಳ್ಳಿ ಜರಿ. ನಿಮ್ಮ ಮೆಷಿನ್ನೇ ಒಪ್ಕೊಂಡಿದೆ ನೋಡಿ."

ಬೈದು, ಶಲ್ಯ ಕಿತ್ತಿಟ್ಟು, ಮತ್ತೊಂದು ತೆಗೆದರು. ಈ ಸಲ ಡಾಕ್ಟರು ಅದನ್ನು ಬೆಳಕಿಗೆ ಹಿಡಿದು ಪೆನ್ಸಿಲ್ ಕೈಗೆತ್ತಿಕೊಂಡರು. ಭಾವ ಎದ್ದು ಬಂದು ಪಕ್ಕದಲ್ಲಿ ನಿಂತರು. ಸೀರೆಯ ಒಡಲನ್ನು ಪರೀಕ್ಷಿಸುವಾಗ ಹೇಗೋ ಹಾಗೆಯೇ ಕತ್ತು ಓರೆ ಮಾಡಿ ಮೇಲಿಂದ ಕೆಳಗೆ ನೋಡಿದರು. ಬಲಗಡೆ ಒಂದು ಜಾಗದಲ್ಲಿ ಬೆರಳಿಟ್ಟರು.

"ಇಲ್ಲಿ ಎಳೆ ಹೋಗಿದೆ."

ಡಾಕ್ಟರ ಪೆನ್ಸಿಲ್ಲೂ ಅಲ್ಲೇ ಇತ್ತು. "ನಿಮಗೆ ಹೇಗ್ರೀ ಗೊತ್ತಾಯ್ತು?"

"ತೂತು ಹುಡುಕೋದೇ ನಮ್ಮ ಕಸುಬಲ್ವಾ ಸ್ವಾಮಿ? ಇದನ್ನ ಸರಿಮಾಡಕ್ಕಾಗತ್ತಾ?"

ಡಾಕ್ಟರು ಕನ್ನಡಕ ಒರೆಸಿಕೊಂಡು, "ಕ್ಷಯ. ಪ್ರಯತ್ನ ಮಾಡಿ ನೋಡೋಣ," ಅಂದರು.

ಹೊರಗೆ ಬಂದಮೇಲೆ ಭಾವ ನನ್ನ ಭುಜ ತಟ್ಟಿದರು. "ನಾನು ಗಿರಾಕಿಗೆ 'ಪ್ರಯತ್ನ ಮಾಡಿ ನೋಡೋಣ' ಅಂದೆ ಅಂದ್ರೆ, ಆ ಸೀರೆ ಕಥೆ ಮುಗೀತು ಅಂತಲೇ ಲೆಕ್ಕ ಕಣೋ."

೫. ಗೌರಿಹಬ್ಬದ ಸೀರೆ

ಬೆಂಗಳೂರಿನಾಚೆಯ ಕ್ಷಯದ ಆಸ್ಪತ್ರೆಯಲ್ಲಿ ಭಾವನನ್ನು ಮಲಗಿಸಿದರು. ಪಕ್ಕೆಗೆ ಸೂಜಿ ಚುಚ್ಚಿ, ವಾರವಾರವೂ ಒಳಗೆ ಗಾಳಿ ತುಂಬುತ್ತಿದ್ದರು. ಕೆಟ್ಟ ಶ್ವಾಸಕೋಶ ಹಾಗೆ ಮಡಚಿಕೊಂಡು ವಿಶ್ರಾಂತಿ ತಗೊಳ್ಳುತ್ತದಂತೆ, ಅದು ಆಗಿನ ಹೊಸ ಚಿಕಿತ್ಸೆ. ಅಕ್ಕ ಅಲ್ಲೇ ಉಳಿದಳು. ನಾನು ಹೋದಾಗಲೆಲ್ಲ ಭಾವ ಕೇಳುತ್ತಿದ್ದರು: "ನಿನ್ನ ಬಸ್ಸಿಗೂ ಗಾಳಿ, ನನಗೂ ಗಾಳಿ. ಏರಿನಲ್ಲಿ ಯಾರು ಮೊದಲು ನಿಲ್ತೀವಿ, ಹೇಳು ನೋಡೋಣ?"

ಏಳು ತಿಂಗಳಾದಮೇಲೆ ಭಾವ ಗುಣವಾಗಿ ನನ್ನ ಬಸ್ಸಿನಲ್ಲೇ ಊರಿಗೆ ಬಂದರು. ಹೊಗೆ ತಾಗದಿರಲಿ ಅಂತ ಮುಂದಿನ ಸೀಟು ಕೊಟ್ಟೆ. ಕೈಯಲ್ಲಿ ಆ ಎಕ್ಸ್‌ರೇ ಫೋಟೋ. ಮನೆಯಲ್ಲಿ ಅದನ್ನು ಕಿಟಕಿಗೆ ಕಟ್ಟಿದರು. ಬೆಳಗಿನ ಬಿಸಿಲಿಗೆ ಪಕ್ಕೆಲುಬುಗಳು ಒಂದರ ಕೆಳಗೊಂದು ಫಳಫಳ ಹೊಳೆದವು.

ನೀರಿಗೆ ಹೊರಟ ಪಕ್ಕದ ಮನೆಯಾಕೆ ಕೊಡ ಇಳಿಸಿ ನಿಂತುಬಿಟ್ಟಳು. "ಅಯ್ಯೋ ಅಕ್ಕಾ, ಇದ್ಯಾವ ಹೊಸಾ ಅಂಚು? ಎಷ್ಟು ಚೆನ್ನಾಗಿದೆ!"

ಭಾವ ಅವತ್ತೇ ಕುಣಿಗೆ ಇಳಿದರು. ಕಪ್ಪು ಒಡಲು, ಬೆಳ್ಳಿ ಜರಿಯಲ್ಲಿ ಬಾಗಿದ ಗೀರುಗಳ ಅಂಚು. ಒಂದು ಸೀರೆ ಮುಗಿಯುವುದರೊಳಗೆ ಐದು ಜನ ಕೇಳಿಕೊಂಡು ಬಂದರು. ಆ ಗೌರಿಹಬ್ಬಕ್ಕೆ ಪೇಟೆಯ ದೊಡ್ಡ ಮನೆಯ ಹೆಂಗಸರೆಲ್ಲ ನಮ್ಮ ಭಾವನ ಪಕ್ಕೆಲುಬು ಉಟ್ಟುಕೊಂಡು ಬಾಗಿನ ಕೊಡಲು ಓಡಾಡಿದರು.

ತಮ್ಮ ಹೆಂಡತಿಯ ಮೈಮೇಲೆ ಆ ಸೀರೆ ನೋಡಿದ ಶೆಡ್ಡಿನ ಯಜಮಾನರು ಮನೆಗೇ ಬಂದರು. ಆ ಅಂಚನ್ನು ಕರೆಂಟ್ ಮಗ್ಗದಲ್ಲಿ ಹಾಕಿಸುವ ಆಸೆ.

"ಎಲ್ಲಿ ಸಿಕ್ತು ಈ ಡಿಸೈನು?"

"ನಿಮ್ಮ ಶೆಡ್ಡಲ್ಲೇ ಯಜಮಾನ್ರೇ."

ಇಷ್ಟೂ ನಿಜ. ಒಂದು ಸಣ್ಣ ವಿಷಯ ಮಾತ್ರ ನಾನು ಕೈಯಿಂದ ಹಾಕಿದ್ದು. ಆಸ್ಪತ್ರೆಯಿಂದ ಭಾವ ಬರಲೇ ಇಲ್ಲ. ಮುಂದಿನ ಸೀಟಿನಲ್ಲಿ ಆ ಫೋಟೋ ತೊಡೆಯ ಮೇಲಿಟ್ಟುಕೊಂಡು ಬಂದವಳು ಅಕ್ಕ. ನೂಲು ಸುತ್ತಿ ಕೊಡುವುದು ಬಿಟ್ಟು ಮಗ್ಗದ ಕೆಲಸವನ್ನೇ ಮಾಡಿರದ ಅವಳೇ ಕುಣಿಗೆ ಇಳಿದು ಆ ಸೀರೆ ನೇಯ್ದಳು. ಯಜಮಾನರಿಗೆ ಉತ್ತರ ಕೊಟ್ಟವಳೂ ಅವಳೇ.